ಟರ್ಕೀಪೆನ್ ಕೊಳ್ಳಕ್ಕೆ ಸಿನಿಮಾ ಇಳಿಸಿದ ಆರ್ಫಾ

ಆರ್ಫಾ ಸ್ಟಿಡಮ್‌ಳ ಮುತ್ತಜ್ಜ ಎಲೈಜಾ ಹೇಸರಗತ್ತೆಯ ಮೇಲೆ ಟಪಾಲು ಸಾಗಿಸಿದವನು. ಕಲ್ಲಿದ್ದಲು ಗಣಿಗಳ ಬೆಟ್ಟಸೀಮೆಯಲ್ಲಿರುವ ನಮ್ಮ ಟರ್ಕೀಪೆನ್ ಕೊಳ್ಳದ ಬಾಯಿಯಿಂದ ತಲೆಯವರೆಗೆ ಆರು ಮೈಲಿ. ಅಷ್ಟರಲ್ಲಿ ಹಳ್ಳವನ್ನು ಹದಿನಾಲ್ಕು ಸಲ ದಾಟಬೇಕಿತ್ತು. ಒಂದು ಚಳಿಗಾಲದಲ್ಲಿ ಹೇಸರಗತ್ತೆ ಮಂಜುಗಟ್ಟಿದ ಹಳ್ಳದಲ್ಲಿ ಕಾಲು ಮುರಿದುಕೊಂಡು ಬಿತ್ತು. ಎಲೈಜಾ ಅದರ ನರಳಾಟವನ್ನು ಅಲ್ಲೇ ಮುಗಿಸಿ, ಚೀಲವನ್ನು ತನ್ನ ಹೆಗಲಿಗೆ ಏರಿಸಿಕೊಂಡು ನಡೆದ. ಬಲಗಾಲಿನ ಎರಡು ಬೆರಳು ಚಳಿಗೆ ಹೋದವು, ಕಾಗದ ಒಂದೂ ಹೋಗಲಿಲ್ಲ. ಅವನ ಮಗ ಬಾಯ್ಡ್ ಯುದ್ಧ ಮುಗಿಸಿ ಬಂದ ಮೇಲೆ ಬೆಟ್ಟದ ನೆತ್ತಿಯಲ್ಲಿ ಆಂಟೆನಾ ನೆಟ್ಟು, ಮರದಿಂದ ಮರಕ್ಕೆ ತಂತಿ ಬಿಗಿದು, ಹತ್ತೊಂಬತ್ತು ಮನೆಗಳಿಗೆ ಟಿವಿ ಇಳಿಸಿದ. ಅಳಿಲು ತಂತಿ ಕಡಿದರೆ ಬಂದೂಕು ಹಿಡಿದು ಹತ್ತುತ್ತಿದ್ದ. ಇಳಿದು ಬರುವಾಗ ತಂತಿಯೂ ಸರಿಯಾಗಿರುತ್ತಿತ್ತು, ಸಾರು ಮಾಡಲು ಅಳಿಲೂ ಸಿಕ್ಕಿರುತ್ತಿತ್ತು. ಬಾಯ್ಡನ ಮಗ ಆರ್ಲೀ ಫೋನಿನ ಕಂಬ ಹತ್ತುವವನಾದ. ಹಿಮದ ಬಿರುಗಾಳಿ ಕೊಳ್ಳದ ತಂತಿಗಳನ್ನೆಲ್ಲ ನೆಲಕ್ಕೆ ಕೆಡವಿದ ವರ್ಷ ಹನ್ನೊಂದು ದಿನ ಮನೆ ಕಡೆ ತಲೆ ಹಾಕಲಿಲ್ಲ. ಹನ್ನೆರಡನೆಯ ದಿನ ಫೋನು ರಿಂಗಾಯಿತು. ಹೆಂಡತಿ ಎತ್ತಿದರೆ ಕಂಬದ ಮೇಲಿಂದ ಅವನೇ, “ಕೇಳಿಸ್ತಾ?” ಅಂದ. ಕೇಳಿಸಿತು ಅಂದ ಮೇಲೆ ಇಳಿದು ಬಂದು ಮಲಗಿದ.

ಈ ಆರ್ಲೀಯ ಮಗಳು ಆರ್ಫಾ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಮಂಡಿಯ ಚಿಪ್ಪು ಸವೆದ ಮೇಲೆ ಕೆಲಸ ಬಿಟ್ಟಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, “ದಿನಾ ಇನ್ನೂರು ಮಕ್ಕಳಿಗೆ ಬಡಿಸಿ ಬರ್ತೀನಿ. ಮನೇಲಿ ಇನ್ನೊಬ್ಬನಿಗೆ ಬಡಿಸೋಕೆ ಕೈ ಏಳಲ್ಲ” ಅನ್ನುತ್ತಿದ್ದಳು. ಅವಳ ಮನೆ ಕೊಳ್ಳದ ಬಾಯಲ್ಲಿ, ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದ ಕೂಡಲೇ ಸಿಗುವ ಮೊದಲನೆಯದು. ಫೋನ್ ಕಂಪನಿಯವರ ಇಂಟರ್ನೆಟ್ ಬರುತ್ತಿದ್ದದ್ದು ಅಲ್ಲಿಯವರೆಗೆ ಮಾತ್ರ. ಅದರಾಚೆ ತಂತಿಯಲ್ಲಿ ಮಾತು ಹೋಗುತ್ತಿತ್ತು, ಇಂಟರ್ನೆಟ್ ಹೋಗುತ್ತಿರಲಿಲ್ಲ.

ಕೊಳ್ಳದ ಮನೆಗಳಿಗೆಲ್ಲ ಡಿಶ್ ಟಿವಿ. ಆ ಡಿಶ್ಶಿನ ಡಬ್ಬಿಗೆ ಬೇಕೆಂದಾಗ ಬೇಕಾದ ಸಿನಿಮಾ ತರಿಸಿಕೊಳ್ಳುವ ಏರ್ಪಾಡು ಬಂದಾಗ ನಮ್ಮವರು ಪೆಚ್ಚಾದರು. ಸಿನಿಮಾಗಳ ಪಟ್ಟಿ ಆಕಾಶದಿಂದ ಬಂದು ಟಿವಿಯಲ್ಲಿ ಮೂಡುತ್ತಿತ್ತು, ಆದರೆ ಸಿನಿಮಾ ಇಂಟರ್ನೆಟ್ ತಂತಿಯಲ್ಲಿ ಬಂದು ಡಬ್ಬಿಯೊಳಗೆ ಇಳಿಯಬೇಕು. ಪಟ್ಟಿ ಓದಿ ಬಾಯಿ ಚಪ್ಪರಿಸುವುದಷ್ಟೇ ನಮ್ಮ ಪಾಲಿಗೆ. ಆಗ ಆರ್ಫಾ ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ನಿಂತು ಹೇಳಿದಳು: “ತಂತಿ ನಿಮ್ಮನೆಗೆ ಬರದಿದ್ರೆ ಡಬ್ಬಿ ನಮ್ಮನೆಗೆ ಬರಲಿ. ಅದಕ್ಕೇನು ಬೇರು ಬಿಟ್ಟಿದ್ಯಾ?”

ಅಂದಿನಿಂದ ಜನ ಡಬ್ಬಿಗಳನ್ನು ಟಿವಿಯಿಂದ ಕಳಚಿ, ಟವೆಲಿನಲ್ಲಿ ಸುತ್ತಿ, ಅವಳ ಮನೆಗೆ ಹೊರತೊಡಗಿದರು. ಮುಂದಿನ ಕೋಣೆಯಲ್ಲಿ ಹಳೆಯ ಚರ್ಚಿನ ಬೆಂಚೊಂದನ್ನು ಹಾಕಿ, ಬಂದ ಡಬ್ಬಿಗಳನ್ನು ಸರದಿಯಲ್ಲಿ ಇಡುತ್ತಿದ್ದಳು. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ. ಅದಕ್ಕೆ ಕೌದಿಯ ಚೂರುಗಳನ್ನು ಕಟ್ಟಿ ಗುರುತು ಮಾಡಿದಳು: ಕೆಂಪು ಚೌಕಳಿ ಒಬ್ಬರದು, ನೀಲಿ ಹೂವು ಇನ್ನೊಬ್ಬರದು. ತನ್ನ ಮನೆಯ ಡಿಶ್ಶಿನ ತಂತಿಯನ್ನೂ ಇಂಟರ್ನೆಟ್ ತಂತಿಯನ್ನೂ ಸರದಿ ಬಂದ ಡಬ್ಬಿಗೆ ಚುಚ್ಚಿ, ಹೇಳಿದ ಸಿನಿಮಾ ಹುಡುಕಿ ಇಳಿಯಲು ಬಿಡುತ್ತಿದ್ದಳು. ಲೈನು ಬಸವನಹುಳು. ಒಂದು ಸಿನಿಮಾ ಇಳಿಯಲು ಒಂದೂವರೆ ದಿನ, ಕೆಲವಕ್ಕೆ ಎರಡು ದಿನ. ಇಳಿದ ಮೇಲೆ ಮೇಲಕ್ಕೆ ಹೋಗುವ ಯಾವುದಾದರೂ ಗಾಡಿಯಲ್ಲಿ ಕಳಿಸುತ್ತಿದ್ದಳು. ಯಾರಿಂದಲೂ ಏನೂ ಕೇಳಲಿಲ್ಲ. ಟೊಮೆಟೊ ಉಪ್ಪಿನಕಾಯಿಯ ಬಾಟಲಿ, ಒಣ ಸೇಬಿನ ಕಡುಬು ಬಾಗಿಲಿಗೆ ಬಂದರೆ ಬೇಡ ಅನ್ನುತ್ತಿರಲಿಲ್ಲ.

ಅವಳ ಮನೆಯಲ್ಲಿ ಒಂದೇ ಕಟ್ಟುಪಾಡು. ಇಳಿದ ಸಿನಿಮಾ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು, ಆದರೆ ನೋಡುವ ಗುಂಡಿಯನ್ನು ಒಮ್ಮೆ ಒತ್ತಿದರೆ ಇಪ್ಪತ್ನಾಲ್ಕು ಗಂಟೆ. ಆಮೇಲೆ ತಾನಾಗಿ ಬೀಗ ಹಾಕಿಕೊಳ್ಳುತ್ತಿತ್ತು. ಆದ್ದರಿಂದ ಅಲ್ಲಿ ಯಾರೂ ಆ ಗುಂಡಿ ಮುಟ್ಟುವಂತಿರಲಿಲ್ಲ. ಕಲ್ಲಿದ್ದಲು ಲಾರಿ ಓಡಿಸಿ ನಿವೃತ್ತನಾದ ಹೋಬರ್ಟ್ ನೋಬಲ್, ಕೊಳ್ಳದ ನಡುವಿನ ಮನೆಯವನು, ಸಲಿಗೆಯಿಂದ ಅವಳನ್ನು ಅತ್ತೆ ಎಂದೇ ಕರೆಯುವವನು, ಒಮ್ಮೆ ತನ್ನ ಡಬ್ಬಿ ಒಯ್ಯಲು ಬಂದು ರಾಗ ತೆಗೆದ.

“ಒಂದೇ ಒಂದು ನಿಮಿಷ ತೋರಿಸತ್ತೆ. ಇದ್ರಲ್ಲಿ ಕುದುರೆ ಐತೋ ಇಲ್ವೋ ನೋಡ್ಬಿಡ್ತೀನಿ.”

“ಮನೆಗೆ ಹೋಗಿ ನೋಡು.”

“ನಂದೇ ಸಿನಿಮಾ ಕಣತ್ತೆ.”

“ನಿಂದಾದ್ರೂ ಅಷ್ಟೇ. ಇಲ್ಲಿ ನೀನು ಬೆರಳು ನೆಕ್ಕೋದು, ಅಲ್ಲಿ ಹೆಂಡ್ತಿ ಖಾಲಿ ತಟ್ಟೆ ನೋಡೋದು. ಎತ್ಕೊಂಡು ನಡಿ.”

ಹೋಬರ್ಟ್ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ. ಜನಕ್ಕೆ ಅವಳ ಮೇಲಿದ್ದ ನಂಬಿಕೆ ಹಾಗಿತ್ತು.

ಕೊಳ್ಳದ ತಲೆಯಲ್ಲಿ ಎಸ್ಟಿಲ್ ಸ್ಲೋನ್ ಮತ್ತು ಅವನ ಹೆಂಡತಿ ಲೂರೀನ್ ಇದ್ದರು. ಎಸ್ಟಿಲ್ ಆರ್ಫಾಳ ಓರಗೆಯವನು. ಮೂವತ್ತು ವರ್ಷ ಗಣಿಯೊಳಗಿದ್ದು, ಕಲ್ಲಿದ್ದಲ ಧೂಳು ಪುಪ್ಪುಸದಲ್ಲಿ ಗಾರೆಯಾಗಿ ಕೂತು, ಈಗ ಆಮ್ಲಜನಕದ ಕೊಳವೆ ಮೂಗಿಗಿಟ್ಟುಕೊಂಡು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಇರುತ್ತಿದ್ದ. ಇಪ್ಪತ್ತೊಂದರ ಹರೆಯದಲ್ಲಿ ಅವನು ಸಿನಿಮಾದಲ್ಲಿ ಬಂದಿದ್ದ. ಹೊರಗಿನಿಂದ ಸಿನಿಮಾದವರು ಬಂದು, ಪಾಳಿ ಮುಗಿಸಿ ಗಣಿಯಿಂದ ಹೊರಬರುವ ನೂರಾರು ಗಂಡಸರನ್ನು ಚಿತ್ರೀಕರಿಸಿದ್ದರು. ಎಸ್ಟಿಲ್ ಮುಂದಿನ ಸಾಲಿನಲ್ಲಿ ನಡೆದಿದ್ದ. ಅವನ ಪಕ್ಕದಲ್ಲಿ ಅವನ ಜೀವದ ಗೆಳೆಯ ರಾಯ್ಸ್. ರಾಯ್ಸ್ ಅಂದರೆ ಆರ್ಫಾಳ ಅಣ್ಣ. ಮೂರು ತಿಂಗಳಿಗೆ ಗಣಿಯ ಮಾಡು ಕುಸಿದು ರಾಯ್ಸ್ ಸತ್ತ. ಮುಂದಿನ ವಸಂತದಲ್ಲಿ ಪೇಟೆಯ ಟಾಕೀಸಿಗೆ ಆ ಸಿನಿಮಾ ಬಂದಾಗ ಎಸ್ಟಿಲ್ ಹೋಗಲಿಲ್ಲ, ಆರ್ಲೀಯ ಮನೆಯವರೂ ಹೋಗಲಿಲ್ಲ. ಸತ್ತವನು ಪರದೆಯ ಮೇಲೆ ನಡೆದಾಡುವುದನ್ನು ನೋಡುವ ಎದೆ ಯಾರಿಗೂ ಇರಲಿಲ್ಲ. ಒಂದು ವಾರ ಓಡಿ ಸಿನಿಮಾ ಹೋಯಿತು. ಟಾಕೀಸೂ ಮುಚ್ಚಿತು. ಟಿವಿಯಲ್ಲಿ ಅದು ಒಮ್ಮೆಯೂ ಬರಲಿಲ್ಲ. ನೋಡಿ ಬಂದ ಕೆಲವರಿಗೆ ಮಸಿ ಮುಖಗಳಲ್ಲಿ ಯಾರು ಯಾರೆಂದು ಗುರುತು ಸಿಕ್ಕಿರಲಿಲ್ಲ. ತಾನು ಮುಂದೆಯೇ ಕಾಣುತ್ತೇನೆಂದು ಎಸ್ಟಿಲ್ ಹೇಳುವುದನ್ನು ಬಿಡಲಿಲ್ಲ, ಜನ ನಂಬಲಿಲ್ಲ. “ಏನ್ ಕೌಬಾಯ್ ಹೀರೋ, ಕುದುರೆ ಎಲ್ಲಿ ಕಟ್ಟಿದ್ಯಪ್ಪ?” ಎಂದು ಮೂವತ್ತೆಂಟು ವರ್ಷ ಕಾಡಿದರು.

ಮಾರ್ಚ್ ತಿಂಗಳ ಒಂದು ಭಾನುವಾರ ಲೂರೀನ್ ಡಬ್ಬಿ ಹೊತ್ತು ಬಂದಳು. ಮುಖ ಸುಣ್ಣದ ಗೋಡೆಯಂತಿತ್ತು.

“ಅಕ್ಕಾ, ಪಟ್ಟೀಲಿ ಬಂದಿದೆ. ಅದೇ ಸಿನಿಮಾ. ಹಳೇವು ಅಂತ ಕೆಳಗಡೆ ತಳ್ಳಿದ್ರು. ಇವರೇ ಕಂಡುಹಿಡಿದ್ರು.”

“ಎಸ್ಟಿಲ್ ಹೆಂಗಿದ್ದಾನೆ?”

“ಡಾಕ್ಟರು ಇನ್ನು ವಾರದ ಲೆಕ್ಕ ಅಂದ್ರು. ಊಟ ಬೇಡ, ಪಾದ್ರಿ ಬೇಡ, ಇದೊಂದು ಕೇಳ್ತಾರೆ. ಎದೆ ತುಂಬ ಉಸಿರಿದ್ದಾಗ ಹೆಂಗೆ ನಡೀತಿದ್ದೆ ಅಂತ ನೋಡ್ಬೇಕಂತೆ. ನಂಗೂ ತೋರಿಸ್ಬೇಕಂತೆ.”

ಆರ್ಫಾ ಸರದಿ ಮುರಿದಳು. ಮೊದಲ ಬಾರಿ. ಅರ್ಧಕ್ಕೆ ಬಂದಿದ್ದ ಇನ್ನೊಬ್ಬರ ಸಿನಿಮಾ ನಿಲ್ಲಿಸಿ ತಂತಿಗಳನ್ನು ಲೂರೀನಳ ಡಬ್ಬಿಗೆ ಚುಚ್ಚಿದಳು. “ಮಂಗಳವಾರ ಮಧ್ಯಾಹ್ನ ನಿಮ್ಮ ಮನೇಲಿರುತ್ತೆ. ಹೋಗಿ ಅವನಿಗೆ ಮುಖ ಕ್ಷೌರ ಮಾಡು. ಹೀರೋ ನೋಡೋವಾಗ ಹೀರೋ ತರ ಇರ್ಲಿ” ಅಂದಳು. ಲೂರೀನ್ ನಕ್ಕು ಅತ್ತು ಹೋದಳು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಸಿನಿಮಾ ಪೂರ್ತಿ ಇಳಿಯಿತು. ಹೋಬರ್ಟ್ ತನ್ನ ಪಿಕಪ್ ತರುವುದು ಹನ್ನೆರಡಕ್ಕೆ. ಹೊರಗೆ ಮಳೆ ಹಿಡಿದಿತ್ತು. ಆರ್ಫಾ ಕಾಫಿ ಲೋಟ ಹಿಡಿದು ಡಬ್ಬಿಯ ಎದುರು ಕೂತಳು.

ಅವಳ ಬಳಿ ಅಣ್ಣನದೆಂದು ಇದ್ದದ್ದು ಒಂದೇ ಫೋಟೊ, ಐದನೆಯ ತರಗತಿಯದು. ಮೂವತ್ತು ಮಕ್ಕಳ ನಡುವೆ ಕಿವಿ ದೊಡ್ಡದಿರುವವನು. ಬೆಳೆದ ರಾಯ್ಸ್ ಹೇಗಿದ್ದ ಎಂಬುದು ಅವಳಿಗೆ ಮಾಸುತ್ತ ಬಂದಿತ್ತು. ನಡಿಗೆ ನೆನಪಿತ್ತು, ಮುಖ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಆ ಮುಖ ಈಗ ಬೆಂಚಿನ ಮೇಲಿನ ಡಬ್ಬಿಯೊಳಗೆ ಇತ್ತು. ಹೋಬರ್ಟ್ ಹನ್ನೆರಡಕ್ಕೆ ಬರುತ್ತಾನೆ, ಒಂದಕ್ಕೆ ಮೇಲೆ ಮುಟ್ಟುತ್ತಾನೆ, ಎಸ್ಟಿಲ್ ಎರಡಕ್ಕೆ ನೋಡುತ್ತಾನೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಇಪ್ಪತ್ತು ಗಂಟೆ ಮಿಕ್ಕೇ ಇರುತ್ತದೆ. ಹೀಗೆ ಲೆಕ್ಕ ಹಾಕಿ ಆರ್ಫಾ ಗುಂಡಿ ಒತ್ತಿದಳು.

ಸಿನಿಮಾವನ್ನು ಮುಂದಕ್ಕೆ ಓಡಿಸಿ ಓಡಿಸಿ ಗಣಿಯ ಬಾಯಿಯ ದೃಶ್ಯಕ್ಕೆ ಬಂದಳು. ಟೋಪಿಗಳು. ಟೋಪಿಯ ಮೇಲೆ ದೀಪಗಳು, ಕೆಳಗೆ ಮಸಿ ಬಳಿದ ಮುಖಗಳು. ಮುಂದಿನ ಸಾಲಿನಲ್ಲಿ ಎಸ್ಟಿಲ್ ಬಂದ. ಹಲ್ಲು ಬಿಟ್ಟು, ಎದೆ ಮುಂದೆ ಮಾಡಿ, ಯಾರಿಗೋ ಏನೋ ಹೇಳಿ ನಗುತ್ತ, ನಾಲ್ಕು ಹೆಜ್ಜೆ. ಅವನು ಹೇಳುತ್ತಿದ್ದದ್ದು ಪಕ್ಕದವನಿಗೆ. ಪಕ್ಕದವನ ಒಂದು ಭುಜ ಕಂಡಿತು, ಊಟದ ಡಬ್ಬ ಹಿಡಿದ ಒಂದು ಕೈ ಕಂಡಿತು. ಚೌಕಟ್ಟು ಅಲ್ಲಿಗೆ ಮುಗಿದಿತ್ತು. ರಾಯ್ಸನ ಮುಖ ಹೊರಗೆ ಉಳಿದಿತ್ತು. ಹಿಂದಕ್ಕೆ ತಿರುಗಿಸಿ ಮೂರು ಸಲ ನೋಡಿದಳು. ಮೂರು ಸಲವೂ ಭುಜ, ಕೈ. ಟಿವಿ ಆರಿಸಿ ಡಬ್ಬಿ ಕಳಚಿ ಟವೆಲಿನಲ್ಲಿ ಸುತ್ತಿದಳು. ಹೋಬರ್ಟ್ ಬಂದಾಗ ಬಾಗಿಲಲ್ಲೇ ಕೊಟ್ಟು ಕಳಿಸಿದಳು.

ಹೋಬರ್ಟ್‌ನ ಮನೆ ದಾಟಿ ಸ್ವಲ್ಪ ದೂರಕ್ಕೆ ತಗ್ಗು ಸೇತುವೆ. ಹಳ್ಳ ಅಷ್ಟರಲ್ಲಿ ಸೇತುವೆಯ ಮೇಲೆ ಹರಿಯುತ್ತಿತ್ತು. ಅವನು ಹಿಂದಿರುಗಿ ಮನೆ ಸೇರಿದ. ಎರಡು ಗಂಟೆಗೆ ಆರ್ಫಾ ಫೋನು ಮಾಡಿದಳು.

“ದಾಟಿದ್ಯೇನೋ?”

“ದಾಟೋಕೆ ನಾನೇನು ಬಾತುಕೋಳಿಯೇನತ್ತೆ? ನೀರು ಕಂಬಿ ಮೇಲೈತೆ. ಬೆಳಗ್ಗೆ ಇಳೀತದೆ, ಕೊಟ್ಟು ಬರ್ತೀನಿ.”

“ಬೆಟ್ಟದ ಮೇಲಿನ ಕಾಲುದಾರಿ ಇದೆಯಲ್ಲ.”

“ಈ ಮಳೇಲಿ, ಈ ವಯಸ್ಸಲ್ಲಿ? ಸಿನಿಮಾ ಏನು ಹಾಲಾ, ನಾಳೆಗೆ ಒಡೆದು ಹೋಗೋಕೆ?”

ಹೇಳುವುದಿದ್ದರೆ ಅದು ಆಗ. ನಾನು ಗುಂಡಿ ಒತ್ತಿದ್ದೇನೆ, ಗಂಟೆ ಓಡುತ್ತಿದೆ ಎಂದಿದ್ದರೆ ಹೋಬರ್ಟ್ ಬೈದುಕೊಂಡಾದರೂ ಬೆಟ್ಟ ಹತ್ತುತ್ತಿದ್ದ, ಅಂಥವನೇ ಅವನು. ಆರ್ಫಾ “ಸರಿ, ಬೆಳಗ್ಗೆ ಬೇಗ ಹೋಗು” ಅಂದು ಇಟ್ಟಳು.

ಬೆಳಗ್ಗೆ ನೀರು ಬೇಗ ಇಳಿಯಲಿಲ್ಲ. ಹೋಬರ್ಟ್ ಮೇಲೆ ಮುಟ್ಟಿದಾಗ ಹನ್ನೊಂದೂವರೆ. ಹನ್ನೆರಡಕ್ಕೆ ಲೂರೀನಳ ಫೋನು ಬಂತು.

“ಅಕ್ಕಾ, ಇದೇನೋ ಗಡುವು ಮುಗೀತು ಅಂತ ಬರ್ತಿದೆ. ನಾವಿನ್ನೂ ಏನೂ ಒತ್ತೇ ಇಲ್ಲ. ಇವರು ಕೋಟು ಹಾಕ್ಕೊಂಡು ಕೂತಿದ್ದಾರೆ.”

“ಡಬ್ಬಿ ವಾಪಸ್ ಕಳಿಸು. ಮತ್ತೆ ಇಳಿಸ್ತೀನಿ.”

“ಲೈನೇ ಕೆಟ್ಟಿರ್ಬೇಕು ಅಲ್ವಾ ಅಕ್ಕ? ತಾಳು, ಇವರು ಮಾತಾಡ್ಬೇಕಂತೆ.”

ಫೋನಿನಲ್ಲಿ ಮೊದಲು ಬಂದದ್ದು ಉಸಿರು. ತಿದಿ ಒತ್ತಿದಂಥ ಸದ್ದು. ಆಮೇಲೆ ಎಸ್ಟಿಲ್ ತುಂಡು ತುಂಡಾಗಿ ಹೇಳಿದ: “ಆರ್ಫಾ... ಲೈನಿಗೆ... ಬೈಬೇಡ. ಅದಕ್ಕೂ... ನನ್ನಷ್ಟೇ... ವಯಸ್ಸಾಯ್ತು.” ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಲೂರೀನ್ ಫೋನು ಇಟ್ಟಳು.

ಅಂದು ಸಂಜೆಗೆ ಡಬ್ಬಿ ಮತ್ತೆ ಬೆಂಚಿಗೆ ಬಂತು. ಆರ್ಫಾ ಅದಕ್ಕೆ ತಂತಿ ಚುಚ್ಚಿ ಎದುರಿಗೆ ಕುರ್ಚಿ ಎಳೆದು ಕೂತಳು. ಗುರುವಾರ ಪೂರ್ತಿ ಕೂತಿದ್ದಳು. ಪರದೆಯ ಮೇಲಿನ ಹಸಿರು ಗೆರೆ ಬೆಳೆಯುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಎದ್ದು ಒಲೆ ಹತ್ತಿಸಿ ಬಂದರೆ ಕೂದಲೆಳೆಯಷ್ಟು ಮುಂದೆ ಹೋಗಿರುತ್ತಿತ್ತು. ಮೆಕ್ಕೆಜೋಳದ ರೊಟ್ಟಿ ಮಾಡಿದಳು, ತಿನ್ನಲಿಲ್ಲ. ಶುಕ್ರವಾರ ಬೆಳಗ್ಗೆ ಗೆರೆ ಪರದೆಯ ಬಲತುದಿಗೆ ಹತ್ತಿರವಾಗಿದ್ದಾಗ ಹೋಬರ್ಟ್‌ನ ಪಿಕಪ್ ಅಂಗಳದಲ್ಲಿ ನಿಂತಿತು. ಡಬ್ಬಿ ಒಯ್ಯುವ ಹೊತ್ತಾಗಿರಲಿಲ್ಲ. ಅವನು ಟೋಪಿ ಕೈಯಲ್ಲಿ ಹಿಡಿದು ಬಂದದ್ದನ್ನು ಕಿಟಕಿಯಿಂದ ನೋಡಿಯೇ ಅವಳಿಗೆ ತಿಳಿಯಿತು.

“ಎಸ್ಟಿಲ್ ಒಂಬತ್ತಕ್ಕೆ ಹೋದ ಕಣತ್ತೆ. ಇನ್ನೆಷ್ಟು ಹೊತ್ತು ಅಂತ ಲೂರೀನ್‌ನ ಕೇಳಿದ್ನಂತೆ. ಮಧ್ಯಾಹ್ನ ಬರುತ್ತೆ ಅಂದ್ಲಂತೆ. ಹೂಂ ಅಂದ. ಅಷ್ಟೇ.”

ಆರ್ಫಾ ತಂತಿ ಕೀಳಲಿಲ್ಲ. ಸಿನಿಮಾ ಇಳಿಯುತ್ತಲೇ ಇತ್ತು. ಸಂಜೆ ನಾಲ್ಕಕ್ಕೆ ಪೂರ್ತಿಯಾಯಿತು.

ಭಾನುವಾರ ಎಸ್ಟಿಲನನ್ನು ಗುಡ್ಡದ ಮೇಲೆ ಮಣ್ಣು ಮಾಡಿದರು. ಚರ್ಚಿನ ಕೆಳಗಿನ ಕೋಣೆಯಲ್ಲಿ ಊಟದ ಹೊತ್ತಿಗೆ ಮಾತೆಲ್ಲ ಲೈನಿನದೇ. ಫೋನ್ ಕಂಪನಿಯವರ ಏಳು ತಲೆಮಾರು ಎತ್ತಿ ಬೈದರು. ಹೋಬರ್ಟ್ ಅವರ ಆಫೀಸಿಗೆ ಹೋಗಿ ಮೇಜು ಗುದ್ದಿ ಬರುತ್ತೇನೆ ಅಂದ. ಆರ್ಫಾ ಎರಡು ದಿನ ಕಣ್ಣು ಮಿಟುಕಿಸದೆ ಕೂತಿದ್ದಳೆಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಒಬ್ಬೊಬ್ಬರೇ ಬಂದು ಅವಳ ಬೆನ್ನು ಸವರಿದರು. “ನೀನೇನು ಮಾಡೋಕಾಗ್ತಿತ್ತು ಬಿಡು ತಾಯಿ” ಅಂದರು. ಅವಳ ತಟ್ಟೆಗೆ ಕೋಳಿ ಬಡಿಸಿದರು. ಲೂರೀನ್ ಅವಳ ಎರಡೂ ಕೈ ಹಿಡಿದು, “ಅಕ್ಕಾ, ನಿನ್ನಷ್ಟು ಯಾರೂ ಮಾಡಲಿಲ್ಲ. ಇವರೂ ಅದನ್ನೇ ಹೇಳ್ತಿದ್ರು” ಅಂದಳು. ಕೋಣೆಯ ತುಂಬ ಜನ. ಆರ್ಫಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಕೋಳಿ ಹಾಗೇ ತಟ್ಟೆಯಲ್ಲಿ ಉಳಿಯಿತು.

ಸೋಮವಾರ ಬೆಂಚಿನ ಮೇಲಿದ್ದ ಉಳಿದ ಮೂರು ಡಬ್ಬಿಗಳನ್ನು ಅವರವರಿಗೆ ಹಿಂದಿರುಗಿಸಿದಳು, ಏನೂ ಇಳಿಸದೆ. ಯಾಕೆಂದು ಕೇಳಿದವರಿಗೆ ಇನ್ನು ಇಳಿಸುವುದಿಲ್ಲ ಅಂದಳು. ದುಃಖದಲ್ಲಿ ಹೇಳುತ್ತಾಳೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತಾಳೆ ಎಂದುಕೊಂಡು ಹೋದರು. ಅವಳು ಸರಿಹೋಗಲಿಲ್ಲ. ಇಂದಿಗೂ ನಮ್ಮ ಕೊಳ್ಳದ ಮೇಲಿನ ಮನೆಗಳಿಗೆ ಪಟ್ಟಿ ಮಾತ್ರ ಬರುತ್ತದೆ.

ಮಂಗಳವಾರ ಎಸ್ಟಿಲನ ಡಬ್ಬಿಯನ್ನು ಹಿಟ್ಟಿನ ಚೀಲದಲ್ಲಿ ಹಾಕಿ, ಬಾಗಿಲು ಎಳೆದುಕೊಂಡು, ನಡೆಯುತ್ತ ಹೊರಟಳು. ಆರು ಮೈಲಿ, ಆ ಮಂಡಿ ಇಟ್ಟುಕೊಂಡು. ಎರಡು ಮೈಲಿ ಮೇಲೆ, ತಗ್ಗು ಸೇತುವೆಯ ಹತ್ತಿರ, ಹಿಂದಿನಿಂದ ಹೋಬರ್ಟ್‌ನ ಪಿಕಪ್ ಬಂದು ಪಕ್ಕಕ್ಕೆ ನಿಂತಿತು. ಅವಳು ಕಂಬಿಗೆ ಒರಗಿ, ಕೆಟ್ಟ ಕಾಲನ್ನು ಮೇಲೆತ್ತಿ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದಳು.

“ಏನತ್ತೆ, ಗಾಡಿ ಇರೋ ಊರಲ್ಲಿ ಹೇಸರಗತ್ತೆ ಆಗಿದ್ದೀಯ? ಹತ್ತು.”

“ನಾನು ಒತ್ತಿದೆ ಹೋಬರ್ಟ್.”

“ಏನು?”

“ಆ ಗುಂಡಿ. ಹೋದ ಮಂಗಳವಾರ, ನೀನು ಬರೋಕೆ ಮುಂಚೆ. ರಾಯ್ಸ್ ಕಾಣ್ತಾನಾ ಅಂತ ನೋಡ್ದೆ. ನೀನು ಸೇತುವೆ ಹತ್ರ ನಿಂತಾಗ ಗಂಟೆ ಓಡ್ತಿತ್ತು. ನಾನು ಹೇಳಲಿಲ್ಲ.”

ಹೋಬರ್ಟ್ ಎಂಜಿನ್ ಆರಿಸಿದ. ಹಳ್ಳ ತನ್ನ ಪಾಡಿಗೆ ಕಲ್ಲುಗಳ ನಡುವೆ ಹರಿಯುತ್ತಿತ್ತು.

“ಕಂಡ್ನಾ?” ಅಂದ.

“ಭುಜ ಕಂಡಿತು.”

ಅವನು ಇಳಿದು ಬಂದು ಚೀಲಕ್ಕೆ ಕೈ ಚಾಚಿದ. “ಇಲ್ಲಿ ಕೊಡು. ನಾನು ಲೂರೀನ್‌ಗೆ ಮುಟ್ಟಿಸ್ತೀನಿ, ನೀನು ಮನೆಗೆ ಹೋಗು. ಇದು ನನ್ನ ನಿನ್ನ ನಡುವೆ ಇರ್ಲಿ. ಲೈನು ಕೆಟ್ಟಿತ್ತು ಅಂತ ಊರೆಲ್ಲ ಒಪ್ಪಿದೆ. ಅವಳೂ ಒಪ್ಪಿದ್ದಾಳೆ. ಹೋಗಿರೋನು ಹೋದ. ಈಗ ಇದನ್ನ ತಗೊಂಡು ಹೋಗಿ ಅವಳ ಮಡಿಲಿಗೆ ಯಾಕೆ ಹಾಕ್ತೀಯ? ಬೇಕಾದ್ರೆ ನಾನೇ ಸೇತುವೆ ಹತ್ರ ಸೋಮಾರಿತನ ಮಾಡ್ದೆ ಅಂತ ಹೇಳ್ತೀನಿ. ನಂಗೆ ಬೈಗುಳ ಹೊಸದಲ್ಲ.”

ಆರ್ಫಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು.

“ಲೈನು ಚೆನ್ನಾಗಿತ್ತು ಕಣೋ. ನೀನೂ ಮಾಡಬೇಕಾದ್ದು ಮಾಡ್ದೆ. ಡಬ್ಬಿ ನಿನ್ನ ಕೈಗೆ ಕೊಟ್ರೆ ಮಾತೂ ನಿನ್ನ ಬಾಯಿಗೇ ಹೋಗುತ್ತೆ. ನೀನು ಅದನ್ನ ಮೆತ್ತಗೆ ಮಾಡಿ ಹೇಳ್ತೀಯ, ಅವಳು ನನ್ನ ಕೈ ಇನ್ನೊಂದ್ಸಲ ಹಿಡ್ಕೋತಾಳೆ. ಅದು ನಂಗೆ ಬೇಡ. ಗಾಡಿ ತೆಗಿ, ದಾರಿ ಬಿಡು. ನಾನು ನಡೀತೀನಿ.”